ಗ್ರೇಟ್ ನಾರ್ತ್ ರೋಡ್‌ನಲ್ಲಿ ಮೂರು ದಿನದ ನೆನಪಿನ ನಡಿಗೆ: ನಡೆದವರು ಅನುಭವ ಹೇಳಿ

ಪ್ರಶ್ನೆ: ಸಿಡ್ನಿಯಿಂದ ಹಂಟರ್ ಕಣಿವೆಗೆ ಕೈದಿಗಳ ಕೈಯಲ್ಲಿ ಬ್ರಿಟಿಷರು ಕಟ್ಟಿಸಿದ ಗ್ರೇಟ್ ನಾರ್ತ್ ರೋಡ್ ಶುರುವಾಗಿದ್ದು 1826ರಲ್ಲಿ. ಅದರ 200 ವರ್ಷದ ನೆನಪಿಗೆ ನಾವು ಆರು ಜನ ವೈಸ್‌ಮನ್ಸ್ ಫೆರಿಯಿಂದ ಮೌಂಟ್ ಮ್ಯಾನಿಂಗ್‌ವರೆಗಿನ ಹಳೆಯ ದಾರಿಯನ್ನು ಮೂರು ದಿನದಲ್ಲಿ ನಡೆಯಬೇಕು ಅಂತಿದ್ದೇವೆ. ಸುಮಾರು 43 ಕಿ.ಮೀ. ನಮ್ಮ ಮಾವನಿಗೆ 62 ವರ್ಷ, ಅವರೂ ಬರುತ್ತಾರೆ. ಏನೇನು ಗಮನಿಸಬೇಕು?

ಉತ್ತರ: ನಾನು ಎರಡು ಸಲ ನಡೆದಿದ್ದೇನೆ. ಮೊದಲ ಸಲ ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಸಂಜೆಯೊಳಗೆ ಟೆಂಟ್ ಹಾಕುವ ಜಾಗ ಟೆನ್ ಮೈಲ್ ಹಾಲೋ ಮುಟ್ಟಬೇಕು ಅಂತ, ದಾರಿಯ ಶುರುವಿನಲ್ಲೇ ಬರುವ ಡಿವೈನ್ಸ್ ಹಿಲ್ ಏರನ್ನು ದಡದಡ ಹತ್ತಿಬಿಟ್ಟೆವು. ನೀವು ಹೊರಟಿರುವುದು ಯಾರನ್ನು ನೆನೆಯಲಿಕ್ಕೋ ಅವರ ಗುರುತು ಇರುವುದೇ ಸುಮಾರು ಎರಡು ಕಿ.ಮೀ. ಉದ್ದದ ಆ ಏರಿನಲ್ಲಿ. ಮೂರಾಳು ಎತ್ತರಕ್ಕೂ ಮೀರಿದ ಕಲ್ಲಿನ ತಡೆಗೋಡೆಗಳಿವೆ. ಮಳೆನೀರು ರಸ್ತೆ ಕೊರೆಯದ ಹಾಗೆ ಕಟ್ಟಿದ ಮೋರಿಗಳಿವೆ. ಬಂಡೆ ಸೀಳಲು ಕೊರೆದ ತೂತಿನ ಗುರುತು ಇನ್ನೂ ಹಾಗೇ ಇದೆ. ಅಲ್ಲಿ ಕೆಲಸ ಮಾಡಿದವರಲ್ಲಿ ಬಹಳ ಜನರ ಕಾಲಿಗೆ ಕಬ್ಬಿಣದ ಬೇಡಿ ಇತ್ತು. ಎರಡನೇ ಸಲ ಹೋದಾಗ ಒಂದು ಕಲ್ಲಿನ ಉಳಿಗುರುತಿನ ಮೇಲೆ ಬೆರಳಿಟ್ಟು ನಿಂತೆ. ಸುಮ್ನೆ ಹತ್ತು ನಿಮಿಷ ಮಾತೇ ಹೊರಡಲಿಲ್ಲ. ಆ ಏರಿಗೆ ಅರ್ಧ ದಿನ ಕೊಡಿ. ಮಾವನಿಗೂ ಅದೇ ಒಳ್ಳೆಯದು, ಯಾಕಂದ್ರೆ ದಾರಿಯಲ್ಲಿ ಕಷ್ಟದ ಏರು ಅದೇ. ಆಮೇಲೆ ಬೆಟ್ಟದ ನೆತ್ತಿಯ ಮೇಲೇ ಜಾಸ್ತಿ ನಡಿಗೆ.

ಇನ್ನೊಂದು. ವೈಸ್‌ಮನ್ಸ್ ಫೆರಿ ಊರಲ್ಲಿ ನದಿ ದಾಟಿಸುವ ಫೆರಿ ಎರಡಿವೆ. ನೀವು ಹತ್ತಬೇಕಾದ್ದು ಊರಿನ ಹೆಸರಿನದೇ. ತಪ್ಪಿ ವೆಬ್ಸ್ ಕ್ರೀಕ್ ಫೆರಿ ಹತ್ತಿದರೆ ಮ್ಯಾಕ್‌ಡೊನಾಲ್ಡ್ ನದಿಯ ಆ ಮಗ್ಗುಲಿಗೆ ಹೋಗಿಬಿಡುತ್ತೀರಿ. ಎರಡಕ್ಕೂ ದುಡ್ಡಿಲ್ಲ.

ಉತ್ತರ: ನೀರು, ನೀರು, ನೀರು. ದನಕರು, ಸರಕು ಸಾಗಿಸುವ ದಾರಿಯಾಗಿ ಈ ರಸ್ತೆಯ ಬಳಕೆ ಬೇಗ ಕಡಿಮೆಯಾಗಿದ್ದಕ್ಕೆ ಇದೂ ಒಂದು ಕಾರಣ. ದನಕರುಗಳಿಗೆ ನೀರಿಲ್ಲ, ಮೇವಿಲ್ಲ. 1830ರ ದಶಕದಲ್ಲಿ ಹಂಟರ್ ಕಡೆಗೆ ಹಬೆಹಡಗು ಓಡಲು ಶುರುವಾದ ಮೇಲೆ ಈ ಕಡೆ ಬರುವವರು ಇನ್ನೂ ಕಡಿಮೆಯಾದರು. ಹಾಗೆ ಮರೆತುಹೋಗಿದ್ದರಿಂದಲೇ ರಸ್ತೆ ಇಷ್ಟು ಚೆನ್ನಾಗಿ ಉಳಿದಿದೆ, 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಾವು ತಲೆಗೆ ಎರಡು ಲೀಟರ್ ಹೊತ್ತು ಹೋಗಿದ್ದೆವು. ಮಧ್ಯಾಹ್ನ ಮೂರಕ್ಕೆಲ್ಲ ಖಾಲಿ. ಜೊತೆಯಲ್ಲಿದ್ದ ಹುಡುಗನಿಗೆ ತಲೆಸುತ್ತು ಬಂದು ನಿಜಕ್ಕೂ ಹೆದರಿದೆ. ನೀರು ಸಿಗುತ್ತದೆ ಅಂತ ನಂಬಿ ಹೊರಡಬೇಡಿ. ಆಗುವುದಾದರೆ ಮೌಂಟ್ ಮ್ಯಾನಿಂಗ್ ಗೇಟಿನ ಹತ್ತಿರ ಒಂದು ಕಾರು ಮೊದಲೇ ಬಿಟ್ಟು, ಅದರಲ್ಲಿ ನೀರಿನ ಕ್ಯಾನ್ ಇಟ್ಟಿರಿ. ಹಳೆಯ ದಾರಿಯೊಳಗೆ ಗಾಡಿ ಬಿಡುವುದಿಲ್ಲ.

ಉತ್ತರ: ಬೇಸಿಗೆ ಬೇಡವೇ ಬೇಡ. ಕಾಳ್ಗಿಚ್ಚಿನ ಭಯ ಇರುತ್ತದೆ. ಬೆಂಕಿ ನಿಷೇಧ ಇದ್ದ ದಿನ ಒಲೆ ಹಚ್ಚುವ ಹಾಗಿಲ್ಲ, ಹಾಗಾಗಿ ಅವಲಕ್ಕಿ ತರಹ ಬೇಯಿಸದೆ ತಿನ್ನುವಂಥದ್ದು ಚೀಲದಲ್ಲಿರಲಿ. ಜೂನ್, ಜುಲೈ ಇಲ್ಲಿ ಚಳಿಗಾಲ, ಆಗ ಆದರೆ ಹಗಲು ಹಿತ, ರಾತ್ರಿ ಚಳಿ ಕಡಿಯುತ್ತದೆ. ಹೊಸ ಶೂ ಹಾಕಿಕೊಂಡು ಬರಬೇಡಿ. ಕಾಲಲ್ಲಿ ಗುಳ್ಳೆ ಎದ್ದರೆ ಎರಡನೇ ದಿನ ನರಕ. ಫೋನ್ ಸಿಗ್ನಲ್ ನಂಬಬೇಡಿ.

ಉತ್ತರ: ಮೂರು ದಿನದ ಲೆಕ್ಕದ ಬಗ್ಗೆ. ಟೆನ್ ಮೈಲ್ ಹಾಲೋಗೆ ಹೆಸರೇ ಹೇಳುವ ಹಾಗೆ ಹತ್ತು ಮೈಲಿ, ಅಂದರೆ 16 ಕಿ.ಮೀ. ಮೊದಲ ರಾತ್ರಿ ಅಲ್ಲೇ. ಉಳಿದ 27 ಕಿ.ಮೀ. ಒಂದೇ ದಿನಕ್ಕೆ ಹಿರಿಯರಿಗೆ ಜಾಸ್ತಿ ಆಯ್ತು ಅಲ್ವಾ? ಎರಡನೇ ರಾತ್ರಿ ಎಲ್ಲಿ ಟೆಂಟ್ ಹಾಕಬಹುದು ಅಂತ ರಾಷ್ಟ್ರೀಯ ಉದ್ಯಾನದ ಕಚೇರಿಗೆ ಫೋನ್ ಮಾಡಿ ಮೊದಲೇ ಖಚಿತ ಮಾಡಿಕೊಳ್ಳಿ.

ನಾವು ಹೋದಾಗ ಸರ್ಕಾರಿ ದಾಖಲೆಗಳಿಂದ ಕೈದಿಗಳ ಹೆಸರು ಬರೆದುಕೊಂಡಿದ್ದೆವು, ಒಬ್ಬೊಬ್ಬರಿಗೆ ಒಂದು. ದೊಡ್ಡ ಗೋಡೆಯ ಕೆಳಗೆ ನಿಂತು ಗಟ್ಟಿಯಾಗಿ ಓದಿದೆವು. ಸಣ್ಣ ಕಳ್ಳತನಕ್ಕೆ ಸಮುದ್ರ ದಾಟಿಸಲ್ಪಟ್ಟವರೂ ಅದರಲ್ಲಿದ್ದರು. ಓದುವ ಮೊದಲು ಒಬ್ಬರು, ಇದು ಇಲ್ಲಿನ ಮೂಲನಿವಾಸಿಗಳಾದ ಡಾರುಗ್ ಮತ್ತು ಡಾರ್ಕಿಂಜಂಗ್ ಜನರ ನೆಲ, ರಸ್ತೆ ಬರುವ ಎಷ್ಟೋ ಸಾವಿರ ವರ್ಷ ಮೊದಲೇ ಅವರು ಇಲ್ಲಿ ಓಡಾಡಿದವರು ಅಂದರು. ಆ ಮಾತು ಬಿಟ್ಟು ಬರೀ ರಸ್ತೆ ಕಟ್ಟಿದವರನ್ನು ನೆನೆದರೆ ನೆನಪು ಅರ್ಧವೇ ಅಂತ ನನಗೂ ಅನಿಸಿತು. ಗೋಡೆಯ ಮೇಲೆ ಹತ್ತಬೇಡಿ, ಮಕ್ಕಳು ಬಂದರೆ ಅವರಿಗೂ ಹೇಳಿ. ಒಂದು ಚೂರು ಕಲ್ಲನ್ನೂ ಮನೆಗೆ ತರಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಜುಲೈಗೆ ಮುಂದೂಡಿದ್ದೇವೆ. ಮಾವ ಹೆಸರಿನ ಪಟ್ಟಿ ತಾವೇ ಬರೆಯುತ್ತೇನೆ ಅಂತ ಇವತ್ತೇ ನೋಟ್‌ಬುಕ್ ತೆಗೆದುಕೊಂಡು ಕೂತಿದ್ದಾರೆ.