ಎಲ್ಕ್ ಬೇಟೆಯ ಬರಹಕ್ಕೆ ಗುಂಡೋ, ತೋಟಾವೋ, ಕಾಡತೂಸೋ?

ಗೆಳೆಯರೇ,

ನಾನಿರುವ ಕೊಲೊರಾಡೋದಲ್ಲಿ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಹೊಸದಾಗಿ ಹೊರಡುವ ಕನ್ನಡದ ಹುಡುಗರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. "ಎಲ್ಕ್‌ಗೆ ಯಾವ ಗುಂಡು ಒಳ್ಳೆಯದು?" ಅಂತ ಶುರು ಮಾಡಿದ್ದೆ. ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಪ್ಪ ಅದನ್ನು ಓದಿ, ಮೇಜಿನ ಮೇಲಿದ್ದ ಒಂದನ್ನು ಎತ್ತಿಕೊಂಡರು. ಹಿತ್ತಾಳೆಯ ಭಾಗವನ್ನು ಬೆರಳಿನಿಂದ ಮುಚ್ಚಿ, ತಾಮ್ರಬಣ್ಣದ ತುದಿ ಮಾತ್ರ ಕಾಣುವಂತೆ ಹಿಡಿದರು. "ಗುಂಡು ಅಂದ್ರೆ ಇಷ್ಟೇ ಕಣೋ. ಎಲ್ಲಾ ಸೇರಿದ್ರೆ ತೋಟಾ" ಅಂದರು.

ಅವರು ಹೇಳಿದ್ದು ಸರಿ. ಹಿತ್ತಾಳೆ ಕೊಳವೆ, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಸಿಡಿಮದ್ದು, ಮೂತಿಗೆ ಗುಂಡು. ನಾಲ್ಕೂ ಸೇರಿದರೆ ತೋಟಾ. ಪತ್ರಿಕೆಗಳಲ್ಲಿ ಬರುವ "ಜೀವಂತ ಗುಂಡು" ನಿಜಕ್ಕೂ ತೋಟಾವೇ.

ಎಲ್ಕ್ ಬೇಟೆಯ ವಿಷಯದಲ್ಲಿ ಈ ವ್ಯತ್ಯಾಸ ತುಂಬಾ ಮುಖ್ಯ. .308 ವಿಂಚೆಸ್ಟರ್, .30-06, .300 ವಿಂಚೆಸ್ಟರ್ ಮ್ಯಾಗ್ನಮ್, ಈ ಮೂರು ಬಗೆಯ ತೋಟಾಗಳಲ್ಲೂ ಗುಂಡಿನ ದಪ್ಪ ಒಂದೇ, 0.308 ಇಂಚು. 180 ಗ್ರೇನಿನ ಅದೇ ಗುಂಡನ್ನು ಮೂರಕ್ಕೂ ಹಾಕಬಹುದು. ಬೇರೆಯಾಗುವುದು ಕೊಳವೆ, ಮದ್ದಿನ ಅಳತೆ, ಅದರಿಂದ ಬರುವ ವೇಗ ಮತ್ತು ಭುಜಕ್ಕೆ ಬೀಳುವ ಒದೆತ. ಮ್ಯಾಗ್ನಮ್ಮಿನ ಒದೆತ ಜಾಸ್ತಿ. ಅದಕ್ಕೆ ಹೆದರಿ ಕಣ್ಣು ಮುಚ್ಚಿ ಕೋವಿಯ ಕುದುರೆ (ಟ್ರಿಗರ್) ಎಳೆಯುವವನಿಗಿಂತ .30-06ರಲ್ಲಿ ಸರಿಯಾಗಿ ಎದೆಗೂಡಿಗೆ ಹೊಡೆಯುವವನೇ ಮೇಲು. ನನ್ನ ಆಯ್ಕೆಯೂ ಅದೇ. ಅಂದಹಾಗೆ, ಅದರ ಹೆಸರಿನಲ್ಲಿರುವ 06 ಅಂದರೆ 1906, ಅಮೆರಿಕದ ಸೇನೆ ಅದನ್ನು ಬಳಕೆಗೆ ತಂದ ವರ್ಷ.

'ಗ್ರೇನ್' ಅನ್ನು ಕಾಳು, ಧಾನ್ಯ ಅಂತೆಲ್ಲ ಮಾಡಬಾರದು. ಅದು ತೂಕ. 180 ಗ್ರೇನ್ ಅಂದರೆ ಸುಮಾರು 11.7 ಗ್ರಾಂ.

ಪ್ರಾಣಿಯ ಹೆಸರಿನದೂ ತೊಡಕೇ. ದಕ್ಷಿಣ ಭಾರತದಲ್ಲಿದ್ದ ಬ್ರಿಟಿಷ್ ಬೇಟೆಗಾರರು ನಮ್ಮ ಕಡವೆಯನ್ನು ಎಲ್ಕ್ ಅಂತ ಕರೆಯುತ್ತಿದ್ದರು. ಯುರೋಪಿನಲ್ಲಿ ಎಲ್ಕ್ ಅಂದರೆ ಮೂಸ್. ಇಲ್ಲಿನದು ವಾಪಿಟಿ ಅನ್ನುವ ಬೇರೆಯೇ ಜಿಂಕೆ. ಗಂಡು ಸುಲಭವಾಗಿ 300 ಕಿಲೋ ದಾಟುತ್ತದೆ. ಕಡವೆ ಅಂತ ಬರೆದರೆ ತಪ್ಪಾಗುತ್ತದೆ. ಎಲ್ಕ್ ಅಂತಲೇ ಉಳಿಸಿಕೊಂಡಿದ್ದೇನೆ.

ಈಗ ನನ್ನ ಪ್ರಶ್ನೆಗಳು. ತೋಟಾಕ್ಕೆ ಕಾಡತೂಸು ಅನ್ನುವ ಪದವನ್ನು ಪುಸ್ತಕದಲ್ಲಿ ಓದಿದ್ದೇನೆ, ಮನೆಯಲ್ಲಿ ಕೇಳಿಲ್ಲ. ನಿಮ್ಮ ಊರಿನಲ್ಲಿ ಮಾತಿನಲ್ಲಿ ಬರುತ್ತದಾ? ಕೆಲವರು ತೋಟೆ ಅನ್ನುತ್ತಾರಲ್ಲ, ಅದು ಯಾವ ಸೀಮೆಯದು? ಕ್ಯಾಲಿಬರ್‌ಗೆ 'ನಳಿಗೆಯ ಬಾಯಳತೆ' ಅಂದರೆ ಓದುವವರಿಗೆ ತಿಳಿಯುತ್ತದಾ? ಇಲ್ಲಿನ ಕಾನೂನಿನ ಪ್ರಕಾರ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (0.24 ಇಂಚು), 85 ಗ್ರೇನಿನ ಗುಂಡು ಬೇಕು. ಆ ಗುಂಡು ಮೈಗೆ ಹೊಕ್ಕ ಮೇಲೆ ಅಗಲವಾಗುವಂಥದ್ದಾಗಿರಬೇಕು. ಅದಕ್ಕೆ 'ಅರಳುವ ಗುಂಡು' ಅಂತ ಬರೆದಿದ್ದೇನೆ. ಅಪ್ಪ ಒಪ್ಪಿದರು. ನೀವು ಏನಂತೀರಿ?

ಮನೆಯಲ್ಲಿ ಕೋವಿ ಇಟ್ಟುಕೊಂಡಿದ್ದ ಹಿರಿಯರಿದ್ದರೆ ದಯವಿಟ್ಟು ಅವರನ್ನೇ ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ.