ನಿಮ್ಮ ಕೆಲಸದ ರೀತಿಯನ್ನೇ ಬದಲಿಸಿದ ಸಂಗೀತಗಾರರು ಯಾರು?

ಶನಿವಾರಸಂತೆಯ ಕಥೆಗಾರ್ತಿ:

ಎಲ್ಲರಿಗೂ ನಮಸ್ಕಾರ. ನಾನು ಸಣ್ಣಕಥೆಗಳನ್ನು ಬರೆಯುತ್ತೇನೆ. ನನಗೆ ಹಾಡಲು ಬರುವುದಿಲ್ಲ, ಯಾವ ವಾದ್ಯವೂ ತಿಳಿಯದು. ಆದರೂ ಬರವಣಿಗೆಯಲ್ಲಿ ನಿಮ್ಮ ಗುರುಗಳು ಯಾರೆಂದು ಯಾರಾದರೂ ಕೇಳಿದರೆ, ಕಥೆಗಾರರ ಹೆಸರಿಗಿಂತ ಮೊದಲು ನನ್ನ ಬಾಯಿಗೆ ಬರುವುದು ಹಿಂದೂಸ್ಥಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಹೆಸರು.

ಅವರಿಂದ ನಾನು ಪಡೆದದ್ದು ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಅವರು ಮೊದಲು ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನರಲ್ಲಿ, ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ಭುರ್ಜೀಖಾನರಲ್ಲಿ, ಜೈಪುರ-ಅತ್ರೌಲಿ ಗಾಯಕಿಯನ್ನು, ಅಂದರೆ ಆ ಪರಂಪರೆಯ ಹಾಡುಗಾರಿಕೆಯ ಶೈಲಿಯನ್ನು, ಕಲಿತರು. ಈ ಗಾಯಕಿಯಲ್ಲಿ ತಾಳವಿಲ್ಲದೆ ರಾಗವನ್ನು ಬಿಡಿಸುವ ದೀರ್ಘವಾದ ಪ್ರತ್ಯೇಕ ಆಲಾಪಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಬಂದಿಶ್, ಅಂದರೆ ಹಾಡಿನ ರಚನೆ, ತಾಳದೊಡನೆಯೇ ಆರಂಭವಾಗಿ, ರಾಗವು ಅದರೊಳಗೇ ಬಿಚ್ಚಿಕೊಳ್ಳುತ್ತದೆ. ಮನ್ಸೂರರು ಬಸಂತಿ ಕೇದಾರದಂತಹ ಜೋಡುರಾಗವನ್ನು ಹಾಡುವಾಗ ಬಸಂತ ಎಲ್ಲಿ ಮುಗಿಯಿತು, ಕೇದಾರ ಎಲ್ಲಿ ತೊಡಗಿತು ಎಂದು ನಾವು ಗುರುತಿಸುವಷ್ಟರಲ್ಲಿ ಅವರು ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು, ಮುಂದಿನ ಆವರ್ತನವನ್ನು ಅರ್ಧ ದಾಟಿರುತ್ತಾರೆ. ಅವರನ್ನು ಕೇಳತೊಡಗಿದ ಮೇಲೆ, ನನ್ನ ಕಥೆಗಳ ಆರಂಭದಲ್ಲಿ ಮೂರು ಪುಟ ಆವರಿಸಿಕೊಂಡಿರುತ್ತಿದ್ದ ಮಂಜು, ಮಳೆ ಮತ್ತು ಕಾಫಿ ಹೂವಿನ ವರ್ಣನೆಯನ್ನು ತೆಗೆದುಹಾಕಿದೆ. ಈಗ ಮೊದಲ ವಾಕ್ಯದಲ್ಲಿಯೇ ಮನುಷ್ಯನೂ ಅವನ ಸಂಕಟವೂ ಜೊತೆಯಾಗಿ ಬರಬೇಕೆಂದು ಪ್ರಯತ್ನಿಸುತ್ತೇನೆ.

ಇತ್ತೀಚೆಗೆ ಕಥಾವಾಚನವೊಂದರ ಬಳಿಕ ಹಿರಿಯರೊಬ್ಬರು, "ಇರುವುದು ಕೊಡಗಿನಲ್ಲಿ, ಕೇಳುವುದು ಧಾರವಾಡವನ್ನು, ನಿಮ್ಮ ಬರವಣಿಗೆಯಲ್ಲಿ ಈ ನಾಡಿನ ದನಿ ಎಲ್ಲಿದೆ?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮದು ಉತ್ತರ ಕೊಡಗಿನ ಕನ್ನಡದ ಮನೆ. ಬಾಲ್ಯದಲ್ಲಿ ಕೇಳಿದ್ದು ಅಜ್ಜಿ ಹೇಳುತ್ತಿದ್ದ ವಚನಗಳನ್ನು ಮತ್ತು ಸುಗ್ಗಿಯ ವಾದ್ಯಗಳನ್ನು. ಕೊಡವರು ಹಾಡುವಾಗ ಬಾರಿಸುವ ಚಿಕ್ಕ ಚರ್ಮವಾದ್ಯ ದುಡಿಯನ್ನು ಕೇಳಿದ್ದು ಕೊಡವ ಸ್ನೇಹಿತರ ಮದುವೆಗಳಲ್ಲಿ ಮಾತ್ರ. ಅದನ್ನು ನನ್ನದೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಚಿತ್ರ, ಬರವಣಿಗೆ, ನಾಟಕ, ಮರಗೆಲಸ, ಹೀಗೆ ಯಾವುದೇ ಕಲೆಯಲ್ಲಿ ತೊಡಗಿರುವವರು ದಯವಿಟ್ಟು ಉತ್ತರಿಸಿ. "ಅವರ ಸಂಗೀತ ಕೇಳಿದರೆ ಮನಸ್ಸಿಗೆ ನೆಮ್ಮದಿ" ಎಂಬಂತಹ ಉತ್ತರಗಳು ನನಗೆ ಬೇಡ. ಆ ಸಂಗೀತಗಾರರಿಂದ ನೀವು ತೆಗೆದುಕೊಂಡದ್ದೇನು, ಅದರಿಂದ ನಿಮ್ಮ ಕೈಕೆಲಸದಲ್ಲಿ ಏನು ಬದಲಾಯಿತು ಎಂಬುದನ್ನು ತಿಳಿಸಿ.

ಮಡಿಕೇರಿಯ ಜಲವರ್ಣ:

ಮೇಡಂ, ನಿಮ್ಮ ಎರಡು ಪ್ರಶ್ನೆಗಳಿಗೂ ನನ್ನ ಬಳಿ ಇರುವುದು ಒಂದೇ ಹೆಸರು: ಕುಮಾರ ಗಂಧರ್ವ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೋಂಕಾಳಿಮಠ ಎಂಬ ಹುಡುಗ, ಹಿರಿಯ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿಬಿಡುತ್ತಿದ್ದನಂತೆ. ಅನುಕರಣೆಯಲ್ಲಿ ಅಷ್ಟು ಪಳಗಿದ್ದ ಮಗು ದೊಡ್ಡದಾದ ಮೇಲೆ ಯಾರನ್ನೂ ಅನುಕರಿಸದ ಗಾಯಕನಾದದ್ದು ಹೇಗೆ ಎಂಬುದೇ ನನಗೆ ಮುಖ್ಯವಾದ ಸಂಗತಿ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತು ಹೆಸರು ಮಾಡಿದ ಹೊತ್ತಿಗೆ ಅವರಿಗೆ ಕ್ಷಯರೋಗ ತಗುಲಿತು. ಒಣಹವೆಯ ಊರೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರು ನಿರ್ಬಂಧಿಸಿದ್ದರಿಂದ ವರ್ಷಗಟ್ಟಲೆ ಹಾಸಿಗೆಯಲ್ಲಿದ್ದುಕೊಂಡು, ಸುತ್ತಲಿನ ಜನ ಹಾಡುತ್ತಿದ್ದ ಮಾಳವದ ಹಾಡುಗಳನ್ನು ಕೇಳುತ್ತಿದ್ದರು. ಐವತ್ತರ ದಶಕದ ಆರಂಭದಲ್ಲಿ ವೇದಿಕೆಗೆ ಮರಳಿದಾಗ ಮೊದಲಿನ ಉಸಿರಿನ ಬಲ ಉಳಿದಿರಲಿಲ್ಲ. ವೇಗವಾಗಿ ಹಾಡುವ ಸ್ವರಸಾಲುಗಳಾದ ಉದ್ದುದ್ದನೆಯ ತಾನಗಳ ಜಾಗದಲ್ಲಿ ಚಿಕ್ಕ ಚಿಕ್ಕ, ಚೂಪಾದ ಸ್ವರಗುಚ್ಛಗಳು ಬಂದವು. ನಡುವಿನ ಮೌನವೂ ಹಾಡಿನ ಅಂಗವಾಯಿತು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜಲವರ್ಣದ ಚಿತ್ರಕಾರನಿಗೆ ಇದರ ಅರ್ಥವೇನೆಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಒಣಗುವುದೇ ಇಲ್ಲ. ಮೊದಲ ಬಣ್ಣ ಆರುವ ಮುನ್ನ ಎರಡನೆಯದನ್ನು ಹಚ್ಚಿದರೆ ಎರಡೂ ಕಲಸಿಹೋಗುತ್ತವೆ. ಕಾಗದಕ್ಕೆ ಹೀಟರ್ ಇಟ್ಟು, ಪುಸ್ತಕಗಳಲ್ಲಿ ಹೇಳಿದ ರೀತಿಯಲ್ಲಿಯೇ ಚಿತ್ರ ಬರೆಯಲು ಬಹುಕಾಲ ಹೆಣಗಾಡಿದೆ. ಕುಮಾರರನ್ನು ಮನಸ್ಸಿಟ್ಟು ಕೇಳಿದ ಮೇಲೆ ಮಳೆಗಾಲದ ಚಿತ್ರಗಳನ್ನು ಚಿಕ್ಕ ಕಾಗದದ ಮೇಲೆ, ಒಂದೇ ಹಚ್ಚುವಿಕೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಭಾಗವನ್ನು ಬಿಳಿಯಾಗಿಯೇ ಬಿಟ್ಟು ಮುಗಿಸತೊಡಗಿದೆ. ಈಗ ಜನ ನನ್ನ ಚಿತ್ರವೆಂದು ಗುರುತು ಹಿಡಿಯುವುದು ಅವುಗಳನ್ನೇ.

ಇನ್ನು ನಿಮ್ಮ ಹಿರಿಯರ ಪ್ರಶ್ನೆ. ಕನ್ನಡ ನಾಡಿನಲ್ಲಿ ಹುಟ್ಟಿದ ಗಾಯಕನಿಗೆ ಮಾಳವದ ಧಾಟಿಗಳ ಮೇಲೆ ಯಾವ ಹಕ್ಕಿತ್ತು? ಅವರು ಅವುಗಳೊಳಗೆ ಅಡಗಿರುವ ರಾಗವನ್ನು ಹುಡುಕಿ ತೆಗೆದು, ಮಾಲವತಿ, ಸಂಜಾರಿ ಮೊದಲಾದ ರಾಗಗಳನ್ನು ಕಟ್ಟಿ, ಅಂತಹವನ್ನು ಧುನ್‌ಉಗಮ ರಾಗಗಳೆಂದು ಕರೆದರು. ಜನಪದ ಗೀತೆಯನ್ನು ಕಛೇರಿಯ ಕೊನೆಗೆ ರುಚಿಗೆಂದು ಹಾಡಿ ಮುಗಿಸಲಿಲ್ಲ. ಹಕ್ಕು ಬರುವುದು ಅಷ್ಟು ಕಾಲ, ಅಷ್ಟು ಗಮನದಿಂದ ಕೇಳಿದ ಮೇಲೆ ಎಂದು ನಾನು ತಿಳಿದಿದ್ದೇನೆ.

ನಾಪೋಕ್ಲಿನ ಹಳೆಯ ದುಡಿ:

ತಂಗಿ, ನಿಮ್ಮ ಪ್ರಶ್ನೆಯೂ ಚಿತ್ರಕಾರರ ಉತ್ತರವೂ ಚೆನ್ನಾಗಿವೆ. ಆದರೆ ಇಬ್ಬರೂ ಒಬ್ಬೊಬ್ಬ ಮಹಾಪುರುಷನ ಹೆಸರನ್ನು ಹಿಡಿದುಕೊಂಡಿದ್ದೀರಿ. ನಾನು ಕಲಿತ ಹಾಡುಗಾರಿಕೆಯಲ್ಲಿ ಒಬ್ಬನೆಂಬವನಿಗೆ ಜಾಗವೇ ಇಲ್ಲ.

ನಮ್ಮ ಕೊಡವರ ಹಾಡಾದ ಬಾಳೋಪಾಟ್‌ಗೆ ನಾಲ್ವರು ಬೇಕು. ಕೈಯಲ್ಲಿ ದುಡಿ ಹಿಡಿದು ಇಬ್ಬರು ಒಂದು ಸಾಲನ್ನು ಹೇಳಿದರೆ ಇನ್ನಿಬ್ಬರು ಅದನ್ನು ಎತ್ತಿಕೊಂಡು ಹೇಳುತ್ತಾರೆ. ಈ ಇಬ್ಬರು ಹಾಡುವಾಗ ಆ ಇಬ್ಬರಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತದೆ. ಮುಂದಿನ ಸಾಲನ್ನು ಯೋಚಿಸಲು ಮೊದಲ ಜೋಡಿಗೂ ಸಮಯ ಸಿಗುತ್ತದೆ. ಮದುವೆಯಾದರೆ ಆ ಮನೆಯ ಒಕ್ಕದ, ಅಂದರೆ ಮನೆತನದ, ಹೆಸರು, ಮದುಮಕ್ಕಳ ಹೆಸರು, ಊರಿನ ಹೆಸರು ಎಲ್ಲವೂ ಹಾಡಿನೊಳಗೆ ಸರಿಯಾಗಿ ಕೂರಬೇಕು. ಬರೆದುಕೊಂಡು ಬಂದದ್ದನ್ನು ಒಪ್ಪಿಸಿದರೆ ಅದು ಪಾಟ್ ಆಗುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಳನ್ನು ಕೇಳಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸದಿದ್ದರೆ ಎಷ್ಟೋ ಹಾಡುಗಳು ಹಾಡುವವರ ಜೊತೆಗೇ ಹೋಗುತ್ತಿದ್ದವು. ಆ ಪುಸ್ತಕದಲ್ಲಿ ಹಾಡುಗಳು ಉಳಿದವು. ಅವುಗಳನ್ನು ಮೊದಲು ಕಟ್ಟಿದವರು ಯಾರೆಂದು ಇಂದು ಹೇಳಲಾಗದು. ಹಾಗಾಗಿ ಕಲಾವಿದನ ಅಸ್ಮಿತೆ ಎಂಬ ದೊಡ್ಡ ಮಾತು ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಮದುವೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ವಾಲಗ ಊದುವವರು, ಪರೆ ಬಾರಿಸುವವರು ಇದ್ದಾರಲ್ಲ, ಅವರ ನುಡಿಸಾಣಿಕೆ ಇಲ್ಲದೆ ಯಾರೊಬ್ಬರೂ ಕುಣಿಯಲಾರರು. ಆದರೆ ಅವರಲ್ಲಿ ಒಬ್ಬರ ಹೆಸರಾದರೂ ನೆನಪಿದೆಯೇ ಎಂದು ಕುಣಿದವರನ್ನು ಕೇಳಿ ನೋಡಿ. ಹಾಡು ಕಟ್ಟಿದವನ ಹೆಸರು ಕಾಲದಿಂದ ಅಳಿಸಿಹೋಗಿದೆ. ಇವರ ಹೆಸರನ್ನು ನಾವು ಕೇಳಲೇ ಇಲ್ಲ. ಇವೆರಡೂ ಒಂದೇ ಅಲ್ಲ.

ನೀವು ಕಥೆಯ ಮೊದಲ ಮೂರು ಪುಟಗಳನ್ನು ತೆಗೆದುಹಾಕಿದ್ದೀರಿ ಎಂದಿರಿ. ನಮ್ಮ ಪಾಟ್‌ನಲ್ಲಿ ಮೊದಲು ದೇವರಿಗೆ 'ಬಾಳೋ ಬಾಳೋ' ಎನ್ನಬೇಕು. ಆಮೇಲೆ ಸೂರ್ಯಚಂದ್ರರಿಗೆ, ಭೂಮಿಗೆ, ನಾಡಿಗೆ. ಮದುವೆಯ ಮಾತು ಬರುವುದು ಅದೆಲ್ಲ ಮುಗಿದ ಮೇಲೆ. ಕೇಳುವವರು ಆ ಹೊತ್ತಿನಲ್ಲಿ ಬಂದು ಕೂರುತ್ತಾರೆ, ಹಾಡುವವರ ಗಂಟಲು ಹದಕ್ಕೆ ಬರುತ್ತದೆ. ಮನ್ಸೂರರ ಅವಸರ ಅವರಿಗೆ ಒಪ್ಪುತ್ತದೆ. ಎಲ್ಲ ಕಥೆಗಳಿಗೂ ಒಪ್ಪುತ್ತದೆಯೇ?

ಬೀಟೆಮರದ ಕೆತ್ತನೆ:

ನಾನು ಮರದ ಕೆಲಸ ಮಾಡುವವನು, ಚಿಕ್ಕದಾಗಿ ಹೇಳುತ್ತೇನೆ. ನನಗೆ ಆದರ್ಶ ಪಿಟೀಲು ಚೌಡಯ್ಯನವರು. ಕಾವೇರಿ, ಕಪಿಲೆ ಸೇರುವ ತಿರುಮಕೂಡಲಿನವರು. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಕಾಲದಲ್ಲಿ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದ ತಲುಪುತ್ತಿರಲಿಲ್ಲ. ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ನಾದ ದಪ್ಪವಾಯಿತು, ದೂರ ಹೋಯಿತು, ಅದೇ ಅವರ ಗುರುತಾಯಿತು. ಅಸ್ಮಿತೆಯನ್ನು ಹುಡುಕಿಕೊಂಡು ಹೊರಟು ಅವರು ತಂತಿ ಕಟ್ಟಲಿಲ್ಲ. ಹಿಂದೆ ಕೂತವನಿಗೆ ಕೇಳಿಸಲೆಂದು ಕಟ್ಟಿದರು.

ಇಂದು ಏಳು ತಂತಿಯ ಪಿಟೀಲನ್ನು ನುಡಿಸುವವರು ತೀರ ವಿರಳ, ಏಕೆಂದರೆ ಮೈಕ್ ಬಂದಿದೆ. ಅದೇ ರೀತಿ, ಆರೋಗ್ಯವಂತ ಗಾಯಕರು ಕುಮಾರ ಗಂಧರ್ವರ ತುಂಡು ತಾನಗಳನ್ನು ಅನುಕರಿಸುವುದನ್ನು ಕೇಳಿದಾಗ ನನಗೆ ಅಯ್ಯೋ ಎನಿಸುತ್ತದೆ. ಚಿತ್ರಕಾರರು ಹಾಗೆ ಮಾಡಲಿಲ್ಲ. ಅವರಿಗೆ ಅವರದೇ ಆದ ಒದ್ದೆ ಕಾಗದವಿತ್ತು. ಮೇಡಂ, ನಿಮ್ಮ ಕಥೆಯಲ್ಲಿ ಸರಿಹೋಗದೆ ಉಳಿದಿರುವುದು ಏನೆಂಬುದನ್ನು ಮೊದಲು ಹೇಳಿ. ಯಾರನ್ನು ಕೇಳಬೇಕೆಂಬುದನ್ನು ಆಮೇಲೆ ನೋಡೋಣ.

ಗೋಣಿಕೊಪ್ಪಲಿನ ರಂಗಕರ್ಮಿ:

ಇಲ್ಲಿಯವರೆಗೆ ಬಂದ ಹೆಸರುಗಳೆಲ್ಲ ಗಂಡಸರವೇ ಆಗಿರುವುದರಿಂದ ನಾನು ಗಂಗೂಬಾಯಿ ಹಾನಗಲ್ಲರ ಹೆಸರನ್ನು ಸೇರಿಸುತ್ತೇನೆ. ಅವರ ಆರಂಭದ ಧ್ವನಿಮುದ್ರಿಕೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದಿದ್ದವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ತೊಂದರೆ ಮತ್ತು ಚಿಕಿತ್ಸೆಯ ಬಳಿಕ ಆ ದನಿ ತಗ್ಗಿ, ಗಂಡುದನಿ ಎಂದು ಜನ ತಪ್ಪು ತಿಳಿಯುವಷ್ಟು ಗಂಭೀರವಾಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಿಂದ ಪಾಠ ಕಲಿತ ಅವರು, ಹಳೆಯ ದನಿಯನ್ನು ಮರಳಿ ತರಲು ಹೆಣಗದೆ, ಹೊಸ ದನಿಯ ಭಾರಕ್ಕೆ ತಕ್ಕಂತೆ ರಾಗವನ್ನು ನಿಧಾನವಾಗಿ ಬೆಳೆಸಿದರು. ಮಗಳ ಹಿಂದೂಸ್ಥಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಾಯಿ ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ನಿಲ್ಲಿಸಿದರಂತೆ. ಈ ಸಂಗತಿ ನೆನಪಾದಾಗಲೆಲ್ಲ ನನಗೆ ಮೆಚ್ಚುಗೆಗಿಂತ ಸಂಕಟವೇ ಹೆಚ್ಚಾಗುತ್ತದೆ.

ನನ್ನದೂ ದಪ್ಪ ಕಂಠ. ಚಿಕ್ಕಂದಿನಲ್ಲಿ ತಂಡವೊಂದರಲ್ಲಿ "ನಾಯಕಿಯ ಪಾತ್ರಕ್ಕೆ ಈ ದನಿ ಆಗದು" ಎಂದು ನನ್ನನ್ನು ಹಿಂದಿನ ಸಾಲಿಗೆ ಕಳುಹಿಸಿದ್ದರು. ಇಂದು ನಾಟಕ ಕಲಿಸುವಾಗ ಯಾವ ಹುಡುಗಿಗೂ ದನಿಯನ್ನು ಎತ್ತರಿಸಲು ಹೇಳುವುದಿಲ್ಲ. ಅವಳ ದನಿ ಸಹಜವಾಗಿ ನಿಲ್ಲುವ ಜಾಗವನ್ನು ಮೊದಲು ಹುಡುಕಿ, ಮಾತಿನ ವೇಗವನ್ನು ಅದಕ್ಕೆ ಹೊಂದಿಸುತ್ತೇನೆ.

ನಾಪೋಕ್ಲಿನ ಹಿರಿಯರಿಗೆ ಒಂದು ಮಾತು: ಬಾಳೋಪಾಟ್ ಹಾಡುವ ಆ ನಾಲ್ವರೂ ಗಂಡಸರೇ ಆಗಿರುವುದನ್ನು ನೀವು ಹೇಳಲು ಮರೆತಿರಿ. ಉಮ್ಮತ್ತಾಟ್ ಎಂಬ ಹೆಂಗಸರ ಕುಣಿತವನ್ನು ಬೆಳೆಸಿದ ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹೆಸರೇ ಬೇಡವೆಂಬ ವಿನಯ ಒಳ್ಳೆಯದು, ಆದರೆ ಎಂದೂ ಹೆಸರು ಸಿಗದವರಿಗೆ ಒಮ್ಮೆ ಸಿಕ್ಕಾಗ ಅದರ ಬೆಲೆ ಬೇರೆಯೇ.

ಶನಿವಾರಸಂತೆಯ ಕಥೆಗಾರ್ತಿ:

ಎಲ್ಲರಿಗೂ ಕೃತಜ್ಞತೆಗಳು. ಮರಗೆಲಸದ ಅಣ್ಣ ಕೇಳಿದ್ದಕ್ಕೆ ನೇರವಾಗಿ ಉತ್ತರಿಸುತ್ತೇನೆ. ನನ್ನ ಕಥೆಗಳಲ್ಲಿ ಒಬ್ಬ ವ್ಯಕ್ತಿಯ ಒಳಗನ್ನು ಹೇಳಬಲ್ಲೆ. ಆದರೆ ಒಂದು ಊರಿಗೆ ಊರೇ ಮಾತನಾಡಬೇಕಾದಾಗ ನನ್ನ ವಾಕ್ಯಗಳು ಸೋಲುತ್ತವೆ. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದಾಗ ಮನೆ ಕಳೆದುಕೊಂಡವರ ಕುರಿತು ಬರೆಯಲು ಹೊರಟಿರುವ ಕಥೆ ಇದೇ ಕಾರಣಕ್ಕೆ ನಿಂತುಹೋಗಿದೆ. ಅದಕ್ಕೆ ಒಬ್ಬನೇ ನಾಯಕನನ್ನು ಆರಿಸಿದರೆ ಸುಳ್ಳೆನಿಸುತ್ತದೆ. ಇದಕ್ಕೆ ಮನ್ಸೂರರಲ್ಲಿ ನನಗೆ ದಾರಿ ಸಿಕ್ಕಿರಲಿಲ್ಲ. ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವ ಕ್ರಮವನ್ನು ಓದಿದ ಮೇಲೆ, ಒಂದು ಮನೆಯವರು ಹೇಳಿದ್ದನ್ನೇ ಪಕ್ಕದ ಮನೆಯವರು ತುಸು ಬದಲಿಸಿ ಹೇಳುವ ರೀತಿಯಲ್ಲಿ ಅದನ್ನು ಬರೆಯಬಹುದೆನಿಸಿತು.

ಆರಂಭದ ವಿಷಯದಲ್ಲಿ ಹಿರಿಯರ ಮಾತನ್ನು ಅರ್ಧ ಒಪ್ಪುತ್ತೇನೆ. ದೇವರು, ಸೂರ್ಯ, ಭೂಮಿ ಎಂದು ಸಾಗುವ ಪೀಠಿಕೆ ಕೇಳುವವರನ್ನು ಒಂದು ಜಾಗಕ್ಕೆ ತಂದು ಕೂರಿಸುತ್ತದೆ. ನಾನು ಬರೆಯುತ್ತಿದ್ದ ಮಂಜು ಯಾರನ್ನೂ ಎಲ್ಲಿಗೂ ತರುತ್ತಿರಲಿಲ್ಲ. ಮನ್ಸೂರರನ್ನು ಬಿಡುವ ಯೋಚನೆ ನನಗಿಲ್ಲ. ಆದರೆ ಆ ಪಾಟ್‌ನ ಒಂದು ಸಾಲನ್ನೂ ತೆಗೆದುಕೊಳ್ಳದೆ ಅದರ ಕ್ರಮವನ್ನು ಮಾತ್ರ ಕನ್ನಡದ ಗದ್ಯಕ್ಕೆ ತಂದರೆ ಹಾಡುವವರಿಗೆ ಬೇಸರವಾದೀತೇ? ಮದುವೆಯ ಗದ್ದಲದಲ್ಲಿ ಅಲ್ಲದೆ, ಕುಳಿತು ಪೂರ್ತಿಯಾಗಿ ಕೇಳಲು ಎಲ್ಲಿಗೆ ಬರಬೇಕು?

ನಾಪೋಕ್ಲಿನ ಹಳೆಯ ದುಡಿ:

ರಂಗಕರ್ಮಿ ತಂಗಿಯ ಮಾತು ಸರಿಯಾಗಿಯೇ ತಾಗಿತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಥೆಗಾರ್ತಿ ತಂಗಿ, ಕ್ರಮವನ್ನು ತೆಗೆದುಕೊಂಡರೆ ಬೇಸರಪಡುವವರು ನಮ್ಮಲ್ಲಿ ಯಾರೂ ಇಲ್ಲ. ಮನೆಗಳ ಹೆಸರನ್ನು ಮಾತ್ರ ತಪ್ಪಾಗಿ ಬರೆಯಬೇಡಿ, ಅದಕ್ಕೆ ಖಂಡಿತ ಬೇಸರವಾಗುತ್ತದೆ. ನಮ್ಮ ಸುಗ್ಗಿಯ ಹಬ್ಬವಾದ ಪುತ್ತರಿ ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುತ್ತದೆ. ಹೊಸ ಭತ್ತದ ಕದಿರು ತೆಗೆದ ಮೇಲಿನ ದಿನಗಳಲ್ಲಿ ಹಾಡುವವರು ಮನೆಯಿಂದ ಮನೆಗೆ ಹೋಗುತ್ತಾರೆ. ಮದುವೆಯ ಗದ್ದಲ ಅಲ್ಲಿರುವುದಿಲ್ಲ. ಮೊದಲ ಮನೆಯಿಂದಲೇ ಜೊತೆಗೆ ನಡೆಯಿರಿ. ಒಂದೇ ಪಾಟ್ ಪ್ರತಿಯೊಂದು ಮನೆಯಲ್ಲಿ ಎಲ್ಲಿ ಬದಲಾಗುತ್ತದೆ ಎಂಬುದನ್ನು ಗಮನಿಸಿ. ಬೆಚ್ಚನೆಯ ಉಡುಪು ತನ್ನಿ, ರಾತ್ರಿ ಚಳಿ ಹೆಚ್ಚು.