ಅಲಾಸ್ಕಾದ ಎಣ್ಣೆ, ನಮ್ಮ ಮನೆ ಗುಂಪಿನ ಜಗಳ

ರಘು ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೋ: ‘ಅಲಾಸ್ಕಾ ವನ್ಯಧಾಮದ ಅಡಿಯಲ್ಲಿ ಸಾವಿರ ಕೋಟಿ ಬ್ಯಾರೆಲ್ ಎಣ್ಣೆ’) ಎಲ್ಲರೂ ನೋಡಿ. ಜನ ಇಲ್ಲದ ಜಾಗ, ಬರೀ ಹಿಮ. ತೆಗೆದರೆ ಯಾರಿಗೇನು ನಷ್ಟ?

ಅನುಷಾ: ಚಿಕ್ಕಪ್ಪ, ಅದು 1998ರ ಅಂದಾಜು, ಸುಮ್ನೆ ಹೊಸ ಸುದ್ದಿ ಥರ ತಿರುಗುತ್ತಿದೆ. ಜನ ಇಲ್ಲ ಅಂದವರು ಯಾರು? ಅಲ್ಲೇ ಕರಾವಳಿಯಲ್ಲಿ ಕಾಕ್ಟೋವಿಕ್ ಅನ್ನುವ ಊರಿದೆ. ದಕ್ಷಿಣಕ್ಕೆ ಗ್ವಿಚಿನ್ ಅನ್ನುವ ಮೂಲನಿವಾಸಿ ಜನ ಇದ್ದಾರೆ. ಕ್ಯಾರಿಬೂ ಅನ್ನುವ ಹಿಮನಾಡಿನ ಜಿಂಕೆಯ ಬೇಟೆಯೇ ಅವರ ಊಟ. ಆ ಹಿಂಡು ಮರಿ ಹಾಕುವುದು ಧಾಮದ ಇದೇ ಕರಾವಳಿ ಬಯಲಲ್ಲಿ.

ರಘು ಚಿಕ್ಕಪ್ಪ: ಕಾಕ್ಟೋವಿಕ್‌ನ ಎಷ್ಟೋ ಜನ ಎಣ್ಣೆ ತೆಗೆಯಿರಿ ಅಂತಿದ್ದಾರಲ್ಲಮ್ಮಾ, ಅದನ್ನ ಯಾಕೆ ಬಿಟ್ಟೆ? 1968ರಲ್ಲಿ ಅಲಾಸ್ಕಾದ ಉತ್ತರ ಕರಾವಳಿಯ ಪ್ರುಡೋ ಬೇಯಲ್ಲಿ ಎಣ್ಣೆ ಸಿಕ್ಕಿದ ಮೇಲೆ ತಾನೇ ಆ ಕಡೆ ಹಳ್ಳಿಗಳಿಗೆ ಹೈಸ್ಕೂಲು, ನಲ್ಲಿ ನೀರು ಬಂದಿದ್ದು? ಅದಕ್ಕೂ ಮೊದಲು ಮಕ್ಕಳನ್ನು ದೂರದ ಹಾಸ್ಟೆಲ್ಲಿಗೆ ಕಳಿಸಬೇಕಿತ್ತು. ಎಣ್ಣೆ ಹಣದ ನಿಧಿಯಿಂದ 1982ರಿಂದ ರಾಜ್ಯದ ಜನರಿಗೆ ವರ್ಷಕ್ಕೊಂದು ಚೆಕ್ ಬರುತ್ತದೆ. 2022ರಲ್ಲಿ ತಲೆಗೆ 3,284 ಡಾಲರ್, ಮಕ್ಕಳಿಗೂ ಸೇರಿ.

ಶೈಲಾ ಅತ್ತೆ: ರಘು ಮಾತಲ್ಲಿ ನ್ಯಾಯ ಇದೆ. ನಾವು ನಲ್ಲಿ ತಿರುಗಿಸಿಕೊಂಡು ಅವರಿಗೆ ಹಿಮ ಕರಗಿಸಿ ಕುಡಿಯಿರಿ ಅನ್ನೋಕಾಗಲ್ಲ. ಆದ್ರೆ 1989ರಲ್ಲಿ ಅಲಾಸ್ಕಾದ ಎಣ್ಣೆ ಹೊತ್ತ ಎಕ್ಸಾನ್ ವಾಲ್ಡೀಜ್ ಹಡಗು ಅಲ್ಲೇ ಬಂಡೆಗೆ ಬಡಿದು 1 ಕೋಟಿ 10 ಲಕ್ಷ ಗ್ಯಾಲನ್ ಎಣ್ಣೆ ಸಮುದ್ರಕ್ಕೆ ಸುರಿಯಿತು. ಇಪ್ಪತ್ತು ವರ್ಷದ ನಂತರವೂ ಕೆಲವು ದಂಡೆಗಳಲ್ಲಿ ಕಲ್ಲು ಸರಿಸಿ ಗುಂಡಿ ತೋಡಿದರೆ ಕಪ್ಪು ಎಣ್ಣೆ ಜಿನುಗುತ್ತಿತ್ತು.

ರಘು ಚಿಕ್ಕಪ್ಪ: ಅದು ಹಳೇ ಕಥೆ. ಈಗ ಒಂದೇ ಕಡೆ ನಿಂತು ಅಡ್ಡಡ್ಡ ಕೊರೆಯುತ್ತಾರೆ. ಚಳಿಗಾಲಕ್ಕೆ ಐಸ್ ರಸ್ತೆ ಹಾಕುತ್ತಾರೆ, ಬೇಸಿಗೆಗೆ ಕರಗಿ ಹೋಗುತ್ತದೆ.

ಕಿರಣ: ಚಿಕ್ಕಪ್ಪ, ಆ ಚಳಿಗಾಲವೇ ಗಿಡ್ಡ ಆಗ್ತಿದೆ. ಅಲ್ಲಿನ ಪೈಪ್‌ಲೈನ್ ಕಂಬಗಳ ತುದಿ ನೋಡಿದ್ದೀರಾ? ಲೋಹದ ರೆಕ್ಕೆಗಳಿವೆ. ಒಳಗಿನ ಅಮೋನಿಯಾ ನೆಲದ ಶಾಖ ಹೀರಿ ಮೇಲೆ ಬಿಡುತ್ತದೆ, ಕೆಳಗಿನ ಹೆಪ್ಪುನೆಲ ಕರಗಿ ಕಂಬ ವಾಲಬಾರದು ಅಂತ. ಎಣ್ಣೆ ಸುಟ್ಟು ಭೂಮಿ ಬಿಸಿ ಮಾಡೋದು, ಎಣ್ಣೆ ಸಾಗಿಸೋಕೆ ನೆಲ ತಂಪು ಮಾಡೋದು 😂

ಅನುಷಾ: ಹಣದ ಲೆಕ್ಕಕ್ಕೇ ಬರೋಣ. 2017ರಲ್ಲಿ ಆ ಧಾಮವನ್ನು ಎಣ್ಣೆಗೆ ತೆರೆದಾಗ ಎಣ್ಣೆ ತೆಗೆಯುವ ಗುತ್ತಿಗೆಯ ಎರಡು ಹರಾಜಿನಿಂದ ಸರ್ಕಾರಕ್ಕೆ ನೂರು ಕೋಟಿ ಡಾಲರ್‌ಗೂ ಜಾಸ್ತಿ ಸಿಗುತ್ತದೆ ಅಂದಿದ್ದರು. 2021ರ ಹರಾಜಲ್ಲಿ ಬಂದಿದ್ದು ಸುಮಾರು 1.44 ಕೋಟಿ ಡಾಲರ್. ದೊಡ್ಡ ಕಂಪನಿಗಳು ಸುಳಿಯಲೇ ಇಲ್ಲ, ಹೆಚ್ಚಿನ ಜಾಗ ಹಿಡಿದಿದ್ದು ರಾಜ್ಯದ್ದೇ ಸಂಸ್ಥೆ. 2025ರ ಜನವರಿಯ ಹರಾಜಲ್ಲಿ ಒಂದೇ ಒಂದು ಬಿಡ್ ಇಲ್ಲ.

ರಘು ಚಿಕ್ಕಪ್ಪ: ಬೆಲೆ ಏರಲಿ, ತಾನಾಗಿ ಬರ್ತಾರೆ. ಅದೇ ಅಲಾಸ್ಕಾದಲ್ಲಿ 2023ರಲ್ಲಿ ವಿಲ್ಲೋ ಅನ್ನುವ ಎಣ್ಣೆ ಯೋಜನೆಗೆ ಒಪ್ಪಿಗೆ ಸಿಗಲಿಲ್ವಾ?

ಶೈಲಾ ಅತ್ತೆ: ಸಿಕ್ಕಿತು. ಅದಕ್ಕೆ ಅತಿ ಹತ್ತಿರದ ಊರು ನುಯಿಕ್ಸುಟ್. ಆಗಿನ ಮೇಯರ್ ಬೇಡ ಅಂದರು. ಅದೇ ಸೀಮೆಯ ಬೇರೆ ಮುಖಂಡರು ಬೇಕು ಅಂದರು. ನಿಧಿಯ ಚೆಕ್ ರಾಜ್ಯದಲ್ಲೆಲ್ಲ ಒಂದೇ ಮೊತ್ತ ಕಣೋ ರಘು. ಹೊಗೆ, ಹೆಲಿಕಾಪ್ಟರ್ ಸದ್ದು ಮಾತ್ರ ಪಕ್ಕದ ಊರಿಗೆ.

ರಘು ಚಿಕ್ಕಪ್ಪ: ಹಾಗಾದ್ರೆ ಹತ್ತಿರದವರಿಗೆ ಪಾಲು ಜಾಸ್ತಿ ಕೊಡಲಿ.

ಅನುಷಾ: ಕ್ಯಾರಿಬೂ ದಾರಿ ಬದಲಿಸಿದರೆ ಆ ಪಾಲಲ್ಲಿ ಏನು ಕೊಳ್ತಾರೆ? ಅಂತಹ ಊರುಗಳ ಅಂಗಡಿಗೆ ಸಾಮಾನು ಹೆಚ್ಚಾಗಿ ವಿಮಾನದಲ್ಲೇ ಬರಬೇಕು.

ರಘು ಚಿಕ್ಕಪ್ಪ: ಆ ವಿಮಾನ ಯಾವುದರಿಂದ ಹಾರುತ್ತದೆ ಅಂತ ಹೇಳು ನೋಡೋಣ.